ಸೇನಾನಾಯಕನನ್ನು ರೂಪಿಸುವುದು ಮನೆಯೋ, ತರಬೇತಿಯೋ?

ಉಪನ್ಯಾಸಕಿ, ಕಲಬುರಗಿ:

ಎಲ್ಲರಿಗೂ ಶರಣು. ಜನವರಿ 15ರ ಸೇನಾ ದಿನದಂದು ನಮ್ಮ ಕಾಲೇಜಿನ ಎನ್‌ಸಿಸಿ ಕೆಡೆಟ್‌ಗಳ ಮುಂದೆ ಅರ್ಧ ಗಂಟೆ ಮಾತನಾಡಬೇಕಾಗಿದೆ. 1949ರ ಅದೇ ದಿನ ಕೆ.ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡದ್ದರಿಂದ, ಅವರ ಬಾಲ್ಯದಿಂದಲೇ ಆರಂಭಿಸಬೇಕೆಂದುಕೊಂಡಿದ್ದೆ. ಆದರೆ ಟಿಪ್ಪಣಿ ಬರೆಯುತ್ತ ಹೋದಂತೆ ಅಳುಕು ಶುರುವಾಯಿತು. ಕೊಡಗಿನಲ್ಲಿ ಹುಟ್ಟಿ ಬೆಳೆದದ್ದರಿಂದಲೇ ಅವರು ಹಾಗಾದರೆಂದು ಹೇಳಿದರೆ, ಆಳಂದ, ಚಿತ್ತಾಪುರದ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ, ಮನೆತನದಲ್ಲಿ ಒಬ್ಬರೂ ಸೈನ್ಯ ಸೇರಿರದ ಈ ಮಕ್ಕಳಿಗೆ ‘ಇದು ನಿಮ್ಮ ಪಾಲಿನದಲ್ಲ’ ಎಂದಂತಾಗುವುದಿಲ್ಲವೆ? ಬಲ್ಲವರು ದಯವಿಟ್ಟು ತಿಳಿಸಿ.

ನಿವೃತ್ತ ಸುಬೇದಾರ್, ಬೀದರ್:

ಮೇಡಂ, ಕಾರ್ಯಪ್ಪನವರ ತಂದೆ ಕಂದಾಯ ಇಲಾಖೆಯಲ್ಲಿದ್ದವರೇ ಹೊರತು ಸೈನಿಕರಲ್ಲ. ಆದ್ದರಿಂದ ಆ ಅಳುಕು ಬೇಡ. ಮನೆಯಲ್ಲಿ ಕಲಿತದ್ದು ಕಷ್ಟದ ಹೊತ್ತಿನಲ್ಲಿ ಹೊರಬೀಳುವುದು ಮಾತ್ರ ನಿಜ. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ, ಆಗಿನ ಪಾಕ್ ಅಧ್ಯಕ್ಷ ಅಯೂಬ್ ಖಾನ್ ಬಿಡುಗಡೆಯ ಮಾತೆತ್ತಿದರಂತೆ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ರಿಯಾಯಿತಿ ಬೇಡ ಎಂಬರ್ಥದ ಉತ್ತರ ಹೋಯಿತೆಂದು ನಮ್ಮ ಪಲ್ಟಣಗಳಲ್ಲಿ ಇಂದಿಗೂ ಹೇಳುತ್ತಾರೆ.

ನಾನು ಕಣ್ಣಾರೆ ಕಂಡದ್ದು ಚಿಕ್ಕದು. ಮೂವತ್ತು ಕಿಲೋಮೀಟರ್ ರೂಟ್ ಮಾರ್ಚ್ ಮುಗಿಸಿ ನಾವೆಲ್ಲ ಬಿದ್ದುಕೊಂಡಿದ್ದಾಗ, ಇಪ್ಪತ್ತಮೂರು ವರ್ಷದ ಒಬ್ಬ ಲೆಫ್ಟಿನೆಂಟ್ ಸಾಹೇಬರು ಟಾರ್ಚ್ ಹಿಡಿದು ಒಬ್ಬೊಬ್ಬ ಜವಾನನ ಬೂಟು, ಕಾಲುಚೀಲ ಬಿಚ್ಚಿಸಿ ಅಂಗಾಲಿನ ಬೊಬ್ಬೆ ನೋಡುತ್ತ ಬಂದರು. ಅವರ ಕಾಲುಚೀಲದಲ್ಲೇ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಅವರು ಎಲ್ಲರದು ಮುಗಿದ ಮೇಲೆ ಬಿಚ್ಚಿದರು. ಕಾಲು ನೋಡಬೇಕೆಂಬ ನಿಯಮವನ್ನು ಅಕಾಡೆಮಿ ಕಲಿಸುತ್ತದೆ. ತನ್ನದನ್ನು ಕೊನೆಗೆ ನೋಡಿಕೊಳ್ಳುವ ಗುಣ ಎಲ್ಲಿಂದ ಬಂತೋ! ಅವರ ತಂದೆ ಕಿರಾಣಿ ಅಂಗಡಿ ಇಟ್ಟಿದ್ದರೆಂದು ಆಮೇಲೆ ತಿಳಿಯಿತು.

ಸುರಪುರದವ:

ನಮ್ಮದೇ ನೆಲದ ಉದಾಹರಣೆ ಇರುವಾಗ ಕೊಡಗಿನವರೆಗೆ ಹೋಗುವುದೇಕೆ? ಸುರಪುರದ ರಾಜಾ ವೆಂಕಟಪ್ಪನಾಯಕ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ. 1841ರಲ್ಲಿ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರವರೆಗೆ ಸಂಸ್ಥಾನವನ್ನೂ ಹುಡುಗನ ಶಿಕ್ಷಣವನ್ನೂ ನೋಡಿಕೊಂಡ. ಹುಡುಗ ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ. ಸಾಕಿದ ಕೈಗೆ ನಿಷ್ಠನಾಗಿರುತ್ತಾನೆಂಬ ಲೆಕ್ಕಾಚಾರ ನಿಜವಾಗಿದ್ದರೆ 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ಮೇಲೆ ತಿರುಗಿಬೀಳಬಾರದಿತ್ತು. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕವನನ್ನು ಟೇಲರ್ ಹೋಗಿ ಕಂಡಾಗ, ಪ್ರಾಣಭಿಕ್ಷೆ ಬೇಡುವುದಿಲ್ಲ, ನನ್ನ ಜನರನ್ನು ಹಿಡಿದುಕೊಡುವುದಿಲ್ಲ, ಗಲ್ಲಿಗೇರಿಸುವ ಬದಲು ತೋಪಿನ ಬಾಯಿಗೆ ಕಟ್ಟಿ ಎಂದನೆಂಬುದನ್ನು ಸ್ವತಃ ಟೇಲರ್ ಬರೆದಿಟ್ಟಿದ್ದಾನೆ. ಮರಣದಂಡನೆ ನಾಲ್ಕು ವರ್ಷದ ಸೆರೆಯಾಗಿ ಇಳಿದರೂ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ಅವನು ತೀರಿಕೊಂಡ. ಔರಂಗಜೇಬನೇ ಖುದ್ದಾಗಿ ಬಂದು 1705ರಲ್ಲಿ ಸುರಪುರದ ಹತ್ತಿರದ ವಾಗಣಗೇರಿ ಕೋಟೆಯನ್ನು ಮುತ್ತಿದಾಗ ಎದುರು ನಿಂತ ಪಿಡ್ಡನಾಯಕನ ವಂಶ ಅದು. ಆ ಕಥೆಗಳನ್ನು ಅರಮನೆಯಲ್ಲಿ ಹುಡುಗನಿಗೆ ಯಾರು ಹೇಳುತ್ತಿದ್ದರೋ, ಟೇಲರನ ಪಾಠಕ್ಕಿಂತ ಅವೇ ಆಳಕ್ಕಿಳಿದಿರಬೇಕು.

ಇತಿಹಾಸಪ್ರಿಯ, ಯಾದಗಿರಿ:

ಒಂದು ಎಚ್ಚರಿಕೆ. ವೆಂಕಟಪ್ಪನಾಯಕನ ಬಾಲ್ಯದ ಬಗ್ಗೆ ನಾವು ಹೇಳುವ ಬಹುಪಾಲು ಟೇಲರನ ಲೇಖನಿಯಿಂದಲೇ ಬಂದದ್ದು, ಮತ್ತು ಆತನ ಬರಹದಲ್ಲಿ ತಾಯಿ ಈಶ್ವರಮ್ಮನಿಗೆ ಒಳ್ಳೆಯ ಮಾತು ಸಿಗುವುದು ಅಪರೂಪ. ಟೇಲರ್ ಕಲಿಸಿದ ಮರ್ಯಾದೆಯ ಪಾಠವೇ ಟೇಲರನ ಸರ್ಕಾರಕ್ಕೆ ತಿರುಗುಬಾಣವಾಗಿರಬಹುದೆಂಬ ಸಾಧ್ಯತೆಯನ್ನೂ, ಸುರಪುರದ ಅಣ್ಣನವರೇ, ತಳ್ಳಿಹಾಕಬೇಡಿ.

ಉಪನ್ಯಾಸಕಿ, ಕಲಬುರಗಿ:

ಸುಬೇದಾರ್ ಸಾಹೇಬರೇ, ನಿಮ್ಮ ಲೆಫ್ಟಿನೆಂಟರ ಕಾಲುಚೀಲದಿಂದಲೇ ಮಾತು ಆರಂಭಿಸಿ ಸುರಪುರಕ್ಕೆ ಹೋಗುತ್ತೇನೆ. ಕಾರ್ಯಪ್ಪನವರ ತಂದೆಯ ನೌಕರಿಯ ವಿಷಯ ನಡುವೆ ಬರುತ್ತದೆ. ಸುರಪುರದವರೇ, ನಿಮ್ಮೂರಿನಲ್ಲಿ ಟೇಲರ್ ವಾಸವಿದ್ದ ಟೇಲರ್ ಮಂಜಿಲ್‌ನ ಒಂದು ಸ್ಪಷ್ಟ ಚಿತ್ರ ಇದ್ದರೆ ಹಾಕುವಿರಾ? ಕೆಡೆಟ್‌ಗಳಿಗೆ ತೋರಿಸಬೇಕು.