ಪದಚರ್ಚೆ: ನಾಯಕ ಯಾವಾಗ ಪಾಳೇಗಾರ ಆದ?

ಗೆಳೆಯರೊಬ್ಬರ ಲೇಖನ ತಿದ್ದಿಕೊಡುತ್ತಿದ್ದೇನೆ. ಅದರಲ್ಲಿ ‘ಕೃಷ್ಣದೇವರಾಯನ ಪಾಳೇಗಾರರು’ ಎಂದು ಬರೆದಿದ್ದಾರೆ. ನನಗೆ ಇದು ಸರಿಹೋಗಲಿಲ್ಲ. ‘ನಾಯಕರು’ ಎಂದು ಬದಲಿಸಿ ಅಂದೆ. ‘ಎರಡೂ ಒಂದೇ ಅಲ್ವಾ?’ ಅಂದರು. ಒಂದೇನಾ?

ಪದದ ಹುಟ್ಟಿನಲ್ಲಿ ಗೊಂದಲವಿಲ್ಲ. ಪಾಳೆಯ ಅಂದರೆ ದಂಡು ಬೀಡುಬಿಟ್ಟ ಜಾಗ. ಬಳೆಗಾರ, ಬೇಟೆಗಾರ ಇದ್ದ ಹಾಗೆ ಪಾಳೆಯಗಾರ. ಬಾಯಲ್ಲಿ ಸವೆದು ಪಾಳೇಗಾರ. ಅದೇ ಪಾಳೆಯ ಬೆಂಗಳೂರಿನ ಕಲಾಸಿಪಾಳ್ಯ, ಕಾಮಾಕ್ಷಿಪಾಳ್ಯಗಳಲ್ಲಿ ಪಾಳ್ಯ ಆಗಿದೆ. ಪತ್ರಿಕೆಗಳ ‘ವಿರೋಧಿ ಪಾಳಯ’ವೂ ಇದರದ್ದೇ ನಂಟು.

ನನ್ನ ತಕರಾರು ಕಾಲದ್ದು. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಆಗ ಸೀಮೆಗಳನ್ನು ನೋಡಿಕೊಳ್ಳುತ್ತಿದ್ದವನು ನಾಯಕ, ಇಲ್ಲವೇ ಅಮರನಾಯಕ. ಅರಸ ಅವನಿಗೆ ನಾಡು ಕೊಡುತ್ತಿದ್ದ. ಅವನು ಅದರ ಹುಟ್ಟುವಳಿಯಲ್ಲಿ ದಂಡು ಸಾಕಬೇಕು, ಕರೆದಾಗ ಕಳಿಸಬೇಕು, ಅರಸನ ಪಾಲನ್ನೂ ಕಟ್ಟಬೇಕು. ಶಾಸನಗಳಲ್ಲಿ ‘ನಾಯಕತನಕ್ಕೆ ಸಲುವ’ ಊರು, ಸೀಮೆ ಅಂತ ಬರುತ್ತದೆ. ಅಂದರೆ ನಾಯಕತನ ಒಂದು ಹುದ್ದೆ. ಅದರ ಬೇರು ಹಂಪಿಯಲ್ಲಿತ್ತು.

1565ರ ಜನವರಿಯಲ್ಲಿ ದಖನಿನ ಸುಲ್ತಾನರ ಎದುರು ರಕ್ಕಸ-ತಂಗಡಿ (ತಾಳಿಕೋಟೆ) ಕಾಳಗ. ವಿಜಯನಗರ ಸೋತಿತು. ಆಳ್ವಿಕೆ ನಡೆಸುತ್ತಿದ್ದ ಅಳಿಯ ರಾಮರಾಯ ಸತ್ತ. ತಮ್ಮ ತಿರುಮಲ ಪೆನುಕೊಂಡೆಗೆ ಹೋದ. ರಾಜ್ಯವೇನೋ ಅಲ್ಲಿಗೇ ಮುಗಿಯಲಿಲ್ಲ, ಅರವೀಡು ಮನೆತನ ಇನ್ನೂ ಹಲವು ದಶಕ ಎಳೆಯಿತು. ಆದರೆ ಲೆಕ್ಕ ಕೇಳುವ ಕೈ ಸೋತಿತು. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ಇದ್ದ ಶ್ರೀರಂಗಪಟ್ಟಣವನ್ನೇ ತೆಗೆದುಕೊಂಡರು. ಇಂಥ ಹೊತ್ತಿನಲ್ಲಿ ಕೋಟೆ ಅದೇ, ಮನೆತನ ಅದೇ, ಆದರೆ ಕೊಟ್ಟ ನಾಡು ಸ್ವಂತದ್ದಾಯಿತು. ಈ ಸ್ಥಿತಿಗೆ ಪಾಳೇಗಾರ ಅನ್ನುವುದು ಚೆನ್ನಾಗಿ ಹೊಂದುತ್ತದೆ. ಅದಕ್ಕೇ ಹಿಂದಿನವರಿಗೆ ನಾಯಕ, ಮುಂದಿನವರಿಗೆ ಪಾಳೇಗಾರ ಎಂದು ಬಳಸೋಣ ಅನ್ನುವುದು ನನ್ನ ವಾದ.

ಗೆರೆ ಅಷ್ಟು ನೇರವಾಗಿಲ್ಲ, ಒಪ್ಪುತ್ತೇನೆ. ಚಿತ್ರದುರ್ಗದವರು 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವವರೆಗೂ ತಮ್ಮನ್ನು ನಾಯಕರೆಂದೇ ಕರೆದುಕೊಂಡರು. ನಾವು ಅವರನ್ನು ಪಾಳೇಗಾರರು ಅನ್ನುತ್ತೇವೆ. ಕೆಳದಿಯವರೂ ನಾಯಕರೇ, ಅವರನ್ನು ಮಾತ್ರ ಪಾಳೇಗಾರರು ಅನ್ನಲು ನಾಲಗೆ ಹಿಂಜರಿಯುತ್ತದೆ. ರಾಜ್ಯ ದೊಡ್ಡದಾದರೆ ಅರಸ, ಚಿಕ್ಕದಾದರೆ ಪಾಳೇಗಾರ ಅನ್ನುವ ಲೆಕ್ಕವೇ? ಬ್ರಿಟಿಷರು ಬಂದಮೇಲಂತೂ ಈ ಪದಕ್ಕೆ ದಂಗೆಕೋರ ಎಂಬ ವಾಸನೆಯೂ ಅಂಟಿತು. ತಮಿಳುನಾಡಿನಲ್ಲಿ ಅವರ ವಿರುದ್ಧ ನಿಂತ ಪಾಳೇಗಾರ ಕಟ್ಟಬೊಮ್ಮನನ್ನು 1799ರಲ್ಲಿ ಗಲ್ಲಿಗೇರಿಸಿದ ಕಾಲದ ಹೋರಾಟಗಳಿಗೆ ಅವರಿಟ್ಟ ಹೆಸರೇ ಪಾಳೇಗಾರರ ಯುದ್ಧ.

ಇನ್ನೊಂದು ತೊಡಕು ‘ಪಾಳೇಗಾರಿಕೆ’. ಯುರೋಪಿನ ಜಮೀನುದೊರೆಗಳ ವ್ಯವಸ್ಥೆಗೆ ಕೆಲವರು ಇದನ್ನೇ ಬಳಸುತ್ತಾರೆ. ಅದಕ್ಕೆ ಪಠ್ಯಪುಸ್ತಕದ ‘ಊಳಿಗಮಾನ್ಯ’ ಎಷ್ಟೋ ವಾಸಿ. ಊಳಿಗವೂ ಇದೆ, ಅದಕ್ಕೆ ಸಿಗುವ ಮಾನ್ಯದ ಭೂಮಿಯೂ ಇದೆ. ಪಾಳೇಗಾರಿಕೆ ಅಂದರೆ ಈಗ ಓದುಗರಿಗೆ ಹೊಳೆಯುವುದು ದಬ್ಬಾಳಿಕೆಯೇ ಜಾಸ್ತಿ. ರಾಜಕಾರಣಿಗಳು ಒಬ್ಬರನ್ನೊಬ್ಬರು ಬೈಯುವುದೂ ಹಾಗೇ.

ಚಿತ್ರದುರ್ಗ, ತುಮಕೂರು, ಕೋಲಾರದ ಕಡೆಯವರು ಹೇಳಿ: ನಿಮ್ಮೂರ ಹಿರಿಯರ ಮಾತಿನಲ್ಲಿ ಪಾಳೇಗಾರ ಅನ್ನುವುದು ಬೈಗುಳವೋ, ಹೆಮ್ಮೆಯೋ? ಶಾಸನ ಓದುವವರಿದ್ದರೆ, 1565ಕ್ಕಿಂತ ಹಿಂದಿನ ಕನ್ನಡ ಶಾಸನದಲ್ಲಿ ಈ ಪದ ಕಂಡಿದ್ದರೆ ಸಾಲು ಸಮೇತ ಕೊಡಿ. ಒಂದು ಸಿಕ್ಕರೂ ಸಾಕು, ಗೆಳೆಯರ ವಾಕ್ಯವನ್ನು ಇದ್ದ ಹಾಗೇ ಬಿಡುತ್ತೇನೆ.