ಅಪ್‌ಡೇಟ್: ಅಕ್ಕನ ಸಿ4 ಯಾಕೆ ಕಡಿಮೆ ಅಂತ ಕೇಳಿದ್ದೆನಲ್ಲ

ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ದಾಳಿ ಮಾಡುವ ಕಾಯಿಲೆ) ಇರುವ ಅಕ್ಕ ಆರಾಮಾಗಿದ್ದಾಳೆ, ಆದರೂ ರಕ್ತದಲ್ಲಿ ಸಿ4 (ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನ್‌ಗಳ ಗುಂಪಿನಲ್ಲಿ ಒಂದು, ಲೂಪಸ್ ಕೆರಳಿದಾಗ ಇಳಿಯಬಹುದು) ಕಡಿಮೆ ಬರುತ್ತಿದೆ, ಕಾಯಿಲೆ ಮತ್ತೆ ಕೆರಳುತ್ತಿದೆಯಾ ಅಂತ ಕೇಳಿದ್ದೆ.

ಲ್ಯಾಬ್ ತಪ್ಪಿರಬಹುದು, ಇನ್ನೊಮ್ಮೆ ಮಾಡಿಸಿ ಅಂದಿದ್ದರು ಕೆಲವರು. ಮಾಡಿಸಿದೆವು, ಸಂಖ್ಯೆ ಹೆಚ್ಚುಕಮ್ಮಿ ಅದೇ. ಹಳೆಯ ರಿಪೋರ್ಟ್‌ಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಕಾಯಿಲೆ ತಣ್ಣಗಿದ್ದಾಗಲೂ ಸಿ4 ಹೀಗೇ ಇತ್ತು! ಅದೇ ಗುಂಪಿನ ಸಿ3 ಮಾತ್ರ ಸರಿಯಾಗಿದೆ. ಕಾಯಿಲೆ ಕೆರಳಿದ ಬೇರೆ ಗುರುತುಗಳೂ ಇಲ್ಲ: ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಡಿಎನ್‌ಎ ವಿರುದ್ಧದ ಆಂಟಿಬಾಡಿಯೂ ಏರಿಲ್ಲ. ಸಿ4 ಜೀನ್‌ನ ಪ್ರತಿಗಳು ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ, ಇವಳಿಗೆ ಹುಟ್ಟಿನಿಂದಲೇ ಕಡಿಮೆ ಇರಬಹುದು ಎಂದರು ಡಾಕ್ಟರ್. ಮಾತ್ರೆ ಜಾಸ್ತಿ ಮಾಡಲಿಲ್ಲ.

ನಾನು ಕಾಂಪ್ಲಿಮೆಂಟ್ ಅಂದರೆ ಬರೀ ಉರಿಯೂತ ತರುವ ಖಳ ಅಂದುಕೊಂಡಿದ್ದೆ. ಸತ್ತ ಜೀವಕೋಶಗಳ ಕಸ ಗುಡಿಸುವುದೂ ಅದರದೇ ಕೆಲಸವಂತೆ. ಅದಕ್ಕೇ ಹುಟ್ಟಿನಿಂದ ಸಿ1ಕ್ಯೂ (ಇದೂ ಕಾಂಪ್ಲಿಮೆಂಟ್‌ನ ಒಂದು ಪ್ರೋಟೀನ್) ಇಲ್ಲದವರಲ್ಲಿ ಹೆಚ್ಚಿನವರಿಗೆ ಲೂಪಸ್ ಬರುತ್ತದೆ. ವಿಚಿತ್ರ ಅಲ್ವಾ? ಅಂದಹಾಗೆ, ರುಮಟಾಯ್ಡ್ ಸಂಧಿವಾತದಲ್ಲಿ ರಕ್ತದ ಸಿ3, ಸಿ4 ಸಾಮಾನ್ಯವಾಗಿ ಇಳಿಯುವುದಿಲ್ಲ. ಆ ಕಾಯಿಲೆ ಇರುವವರ ರಿಪೋರ್ಟ್ ಜೊತೆ ಹೋಲಿಸಿಕೊಂಡು ನಾನು ಸುಮ್ನೆ ಹೆದರಿದ್ದೆ.

ಸಿ3 ಕೂಡ ಇಳಿದರೆ ತಕ್ಷಣ ಬನ್ನಿ ಎಂದಿದ್ದಾರೆ.