ಗ್ಲಾಡಿಯೇಟರ್‌ಗೆ ಚಪ್ಪಾಳೆ ಸರಿ, ಊರಲ್ಲಿ ಮರ್ಯಾದೆ ಇತ್ತಾ?

ಹಳೇನಾಣ್ಯ:
ಗ್ಲಾಡಿಯೇಟರ್ ಅಂದರೆ ಪ್ರಾಚೀನ ರೋಮ್‌ನಲ್ಲಿ ಜನರ ಮನರಂಜನೆಗೆ ಕಾದಾಡುತ್ತಿದ್ದವನು. ಅಲ್ಲಿನ ಪೊಂಪೈ ಊರಿನ ಗೋಡೆಬರಹವೊಂದು ಸೆಲಾಡಸ್ ಅನ್ನೋ ಗ್ಲಾಡಿಯೇಟರನ್ನ ‘ಹುಡುಗಿಯರ ನಿಟ್ಟುಸಿರು’ ಅಂತ ಹೊಗಳುತ್ತೆ. ಇನ್ನೊಂದು ಕಡೆ, ಇವರೆಲ್ಲ ಗುಲಾಮರು, ಪ್ರತಿ ಕಾಳಗಕ್ಕೂ ಒಂದು ಹೆಣ ಬೀಳಲೇಬೇಕಿತ್ತು ಅಂತಾರೆ. ಯಾವುದನ್ನ ನಂಬೋದು?

ಶಾಸನಪ್ರಿಯ:
ಎಲ್ಲರೂ ಗುಲಾಮರಲ್ಲ ಸರ್. ಯುದ್ಧಕೈದಿಗಳು, ಅಪರಾಧಿಗಳ ಜೊತೆಗೆ ದುಡ್ಡಿಗಾಗಿ ತಾವೇ ಸೇರಿಕೊಂಡ ಸ್ವತಂತ್ರರೂ ಇದ್ದರು. ಅಂಥವನನ್ನ ‘ಔಕ್ಟೊರಾಟಸ್’ ಅಂತಿದ್ದರು. ಸುಟ್ಟರೂ, ಕಟ್ಟಿಹಾಕಿದರೂ, ಹೊಡೆದರೂ, ಕತ್ತಿಯಿಂದ ಕೊಂದರೂ ಒಪ್ಪಿಗೆ ಅಂತ ಪ್ರಮಾಣ ಮಾಡಬೇಕು. ಅಲ್ಲಿಂದ ಅವನಿಗೆ ‘ಇನ್‌ಫಾಮಿಯಾ’, ಅಂದರೆ ಕಾನೂನೇ ಹಚ್ಚುವ ಕಳಂಕ. ನಟರು, ವೇಶ್ಯೆಯರ ಸಾಲಿಗೆ ಸೇರಿದ ಹಾಗೆ. ಊರಿನ ಆಡಳಿತ ಸಭೆಗೆ ಕಾಲಿಡುವಂತಿಲ್ಲ. ಇವರನ್ನ ಸಾಕಿ ಬಾಡಿಗೆಗೆ ಬಿಡುವ ‘ಲನಿಸ್ಟಾ’ನಿಗೂ ಅದೇ ಗತಿ. ದುಡ್ಡು ಸುರಿದು ಆಟ ಏರ್ಪಡಿಸಿದ ದೊಡ್ಡಮನುಷ್ಯನಿಗೆ ಮಾತ್ರ ಹೊಗಳಿಕೆ!

ಇಟಲಿಯ ಸಾರ್ಸಿನಾದ ಒಂದು ಶಾಸನ ನೋಡಿ. ಹೊರೇಷಿಯಸ್ ಬಾಲ್ಬಸ್ ಅನ್ನುವವನು ಊರಿನವರ ಸಮಾಧಿಗೆ ತಲಾ 10 ಅಡಿ ಉದ್ದ, 10 ಅಡಿ ಅಗಲದ ಜಾಗ ದಾನ ಮಾಡಿದ್ದಾನೆ. ಔಕ್ಟೊರಾಟಸ್‌ಗಳಿಗೂ ನೇಣು ಹಾಕಿಕೊಂಡವರಿಗೂ ಅದರಲ್ಲಿ ಪಾಲಿಲ್ಲ.

ಲೆಕ್ಕದಹುಳು:
ಸಾವಿನ ವಿಷಯಕ್ಕೆ ದುಡ್ಡಿನ ಕಡೆಯಿಂದ ಬನ್ನಿ. 2ನೇ ಶತಮಾನದ ಕಾನೂನು ಪಂಡಿತ ಗಾಯಸ್ ಒಂದು ಕರಾರಿನ ಉದಾಹರಣೆ ಕೊಡ್ತಾನೆ: ಆಳು ಗಾಯವಿಲ್ಲದೆ ವಾಪಸ್ ಬಂದರೆ ಅವನ ಬೆವರಿಗೆ 20 ಡೆನಾರಿಯಸ್ (ರೋಮನ್ ಬೆಳ್ಳಿ ನಾಣ್ಯ), ಸತ್ತರೆ ಅಥವಾ ಅಂಗ ಊನವಾದರೆ 1,000. ಮೊದಲನೆಯದು ಬಾಡಿಗೆ, ಎರಡನೆಯದು ಖರೀದಿ. 50 ಪಟ್ಟು ತೆರಬೇಕಾದ, ಆಟ ಏರ್ಪಡಿಸಿದವನು ‘ಕೊಲ್ಲು’ ಅನ್ನೋ ಮುಂಚೆ ಎರಡು ಸಲ ಯೋಚಿಸ್ತಾನೆ. ಸೋತವನು ಬೆರಳೆತ್ತಿ ಕೇಳಿದರೆ ‘ಮಿಸ್ಸಿಯೊ’, ಅಂದರೆ ಪ್ರಾಣಭಿಕ್ಷೆ, ಸಿಗಬಹುದಿತ್ತು. ಇಟಲಿಯ ಸಿಸಿಲಿಯಲ್ಲಿ ಸಿಕ್ಕ, ಫ್ಲಾಮ್ಮಾ ಅನ್ನೋ ಗ್ಲಾಡಿಯೇಟರನ ಸಮಾಧಿಕಲ್ಲಿನ ಪ್ರಕಾರ 34 ಕಾಳಗ, 21 ಗೆಲುವು, 9 ಸಮ, 4 ಸಲ ಸೋತು ಬಚಾವ್. ಸತ್ತಾಗ ವಯಸ್ಸು 30.

ಹಳೇನಾಣ್ಯ:
ಅಷ್ಟು ಬೆಲೆಯ ಆಳಿಗೆ ಊಟ, ಔಷಧಿ ಜೋರಾಗೇ ಇರಬೇಕಲ್ಲ?

ಲೆಕ್ಕದಹುಳು:
ಔಷಧಿ ಹೌದು. ಈಗಿನ ಟರ್ಕಿಯ ಎಫೆಸಸ್‌ನಲ್ಲಿ ಗ್ಲಾಡಿಯೇಟರ್‌ಗಳ ಸ್ಮಶಾನದಲ್ಲಿ ಸಿಕ್ಕ ಮೂಳೆಗಳಲ್ಲಿ ಮುರಿದು ಚೆನ್ನಾಗಿ ಕೂಡಿಕೊಂಡ ಗುರುತುಗಳಿವೆ. ಊಟ ಮಾತ್ರ ಬಾರ್ಲಿ, ಕಾಳು. ‘ಬಾರ್ಲಿ ತಿನ್ನೋರು’ ಅಂತಲೇ ಅಡ್ಡಹೆಸರು. ಅದೇ ಕಡೆಯ ಪೆರ್ಗಮಮ್ ಊರಲ್ಲಿ ಇವರ ವೈದ್ಯನಾಗಿದ್ದ ಗ್ಯಾಲೆನ್, ಕಾಳಿನ ಗಂಜಿಯಿಂದ ಮೈ ಬರುತ್ತೆ ಆದರೆ ಗಟ್ಟಿಯಾಗಲ್ಲ ಅಂತ ಬರೆದಿದ್ದಾನೆ.

ಶಾಸನಪ್ರಿಯ:
ಪ್ರಾಣಭಿಕ್ಷೆಗೆ ಇನ್ನೊಂದು ಮುಖವೂ ಇದೆ. ಮಿಲಾನ್‌ನಲ್ಲಿ ಉರ್ಬಿಕಸ್ ಅನ್ನೋ ಗ್ಲಾಡಿಯೇಟರನ ಸಮಾಧಿಕಲ್ಲಿದೆ: 13 ಕಾಳಗ, ಸತ್ತಾಗ ವಯಸ್ಸು 22. ನಿಲ್ಲಿಸಿದವಳು 7 ವರ್ಷ ಜೊತೆ ಬಾಳಿದ ಹೆಂಡತಿ ಲಾರಿಷಿಯಾ. ಕಲ್ಲಿನಲ್ಲಿ ಒಂದು ಬುದ್ಧಿವಾದವೂ ಇದೆ: ಸೋಲಿಸಿದವನನ್ನ ಉಳಿಸಬೇಡ, ಕೊಂದುಬಿಡು.